ರೊಕ್ಕ ಎಣಿಸವ್ರು ಭಾಳ ಮಂದಿ, ಕೂತು ಕೇಳವ್ರು ಬೇಕು

ಹೋದ ತಿಂಗಳ ಭಿಶಿ ನಮ್ಮ ಮನ್ಯಾಗ ಇತ್ತು. ಓಣ್ಯಾಗಿನ ಹನ್ನೆರಡ ಮಂದಿ ಹೆಣ್ಣಮಕ್ಕಳು, ತಲಿಗೆ ಎರಡ ಸಾವಿರ. ಚೀಟಿ ಎತ್ತಿದ್ದಾತು, ಚೂಡಾ ಚಹಾ ಆತು. ಎಲ್ಲಾರೂ ಎದ್ದು ಚಪ್ಪಲಿ ಹುಡುಕೂ ಹೊತ್ತಿಗೆ ಗೇಟಿನ ಮುಂದ ಪಿಗ್ಮಿ ಅಣ್ಣಾರ ಗಾಡಿ ನಿಂತ ಸಪ್ಪಳಾತು. ನಾ ಹೋಗಿ ನೂರ ರೂಪಾಯಿ ಕೊಟ್ಟು, ಅವರ ಮಶೀನಿನಿಂದ ಬಂದ ಚೀಟಿ ಇಸ್ಕೊಂಡ ಬಂದೆ. ಬಾಜೂ ಮನಿ ವೈನಿಯವರ ಮಗಳು ಬೆಂಗಳೂರಾಗ ನೌಕರಿ ಮಾಡ್ತಾಳ, ರಜಾಕ್ಕ ಬಂದಿದ್ಲು. ನಕ್ಕೋತ ಅಂದ್ಲು: "ಅಯ್ಯ ಮೌಶಿ, ಇನ್ನೂ ಪಿಗ್ಮಿ ಏನು? ಅದಕ್ಕ ಬಡ್ಡಿ ಎಷ್ಟ ಬರ್ತದ? ಎಲ್ಲಾ ಆ್ಯಪಿನ್ಯಾಗ ಆಗ್ತದ ಈಗ. ಈ ಏಜೆಂಟ್ರು, ಸಲಹಾ ಕೊಡವ್ರು, ಇವ್ರೆಲ್ಲಾ ನಡುವ ಯಾಕ ಬೇಕು?"

ಖರೆ ಹೇಳ್ತೀನಿ, ಆವಾಗ ನನಗ ಉತ್ತರ ಹೊಳೀಲಿಲ್ಲ. ಅಕಿ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಪಿಗ್ಮಿಗೆ ಬಡ್ಡಿ ಕಡಿಮಿ ಅನ್ನೂದು ನನಗೂ ಗೊತ್ತದ. ಆದ್ರ ರಾತ್ರಿ ಪಾತ್ರೆ ತೊಳ್ಯೂ ಮುಂದ ಅದ ಮಾತು ತಲ್ಯಾಗ ತಿರುಗಲಿಕ್ಕೆ ಹತ್ತಿತು. ಅಕಿಗೆ ಅವತ್ತ ಕೊಡಲಾರದ ಉತ್ತರಾ ಇವತ್ತ ಇಲ್ಲೆ ಬರದೀನಿ, ನೀವೆಲ್ಲಾರೂ ಓದ್ರಿ.

ನನ್ನ ಅಭಿಪ್ರಾಯ ಮದಲ ಹೇಳಿಬಿಡ್ತೀನಿ. ರೊಕ್ಕದ ಲೆಕ್ಕಾ ಮಶೀನೂ ಮಾಡ್ತದ, ಮನಷ್ಯಾನೂ ಮಾಡ್ತಾನ. ಆದ್ರ ಆ ಲೆಕ್ಕಾ ಯಾರ ಸಲುವಾಗಿ, ಯಾವ ಹೆದರಿಕಿ ಕಳೀಲಿಕ್ಕೆ ಅಂತ ಕೇಳವ್ರೊಬ್ರು ಎದುರಿಗೆ ಕೂಡ್ರಬೇಕು. ಮತ್ತ ಹಂಗ ಕೂತು ಮಾತಾಡೂ ಮುಂದ ಮನಿ ಹೆಣ್ಣಮಕ್ಕಳು ಅಡಗಿ ಮನ್ಯಾಗ ಚಹಾ ಸೋಸ್ಕೋತ ಇರಬಾರದು, ಅಲ್ಲೇ ಕೂತಿರಬೇಕು.

ನಮ್ಮ ಕಾಕುನ ವಿಷಯ ನಿಮ್ಮೊಳಗ ಭಾಳ ಮಂದಿಗೆ ಗೊತ್ತದ. ಕಾಕಾಂದು ಹುಬ್ಬಳ್ಳ್ಯಾಗ ಸಣ್ಣ ಸ್ಟೇಷನರಿ ಅಂಗಡಿ. ವಯಸ್ಸು 52. ಒಂದ ಮುಂಜಾನೆ ಅಂಗಡಿ ಬಾಗಲಾ ತಗ್ಯೂ ಮುಂದ ಎದಿ ಹಿಡಕೊಂಡು ಕೂತವ್ರು ಮತ್ತ ಏಳಲಿಲ್ಲ. ಕಾಕು ಮೂವತ್ತ ವರ್ಷ ಆ ಮನಿ ನಡಿಸ್ಯಾಳ. ತೊಗರಿಬ್ಯಾಳಿ ಯಾವ ಅಂಗಡ್ಯಾಗ ಎರಡ ರೂಪಾಯಿ ಕಡಿಮಿ ಅಂತ ಬಾಯಾಗ ಇರ್ತಿತ್ತು. ಆದ್ರ ಕಾಕಾಂದು ಯಾವ ಯಾವ ಬ್ಯಾಂಕಿನ್ಯಾಗ ಖಾತೆ ಅದ, ಸಾಲ ಎಷ್ಟ ಅದ, ವಿಮಾ ಅದನೋ ಇಲ್ಲೋ, ಒಂದೂ ಗೊತ್ತಿದ್ದಿಲ್ಲ. ಗೊತ್ತ ಮಾಡ್ಕೊಳ್ಳಿಕ್ಕೆ ಅಕಿ ಹೋಗಲಿಲ್ಲ ಅಂತಲ್ಲ. ಕೇಳಿದಾಗೆಲ್ಲಾ ಕಾಕಾ, "ನಿನಗ್ಯಾಕ ಆ ಚಿಂತಿ? ನಾ ಇದ್ದೀನಲ್ಲ" ಅಂತಿದ್ರು. ಪ್ರೀತಿಯಿಂದನ ಅಂತಿದ್ರು. ಆದ್ರ ಅವ್ರು ಹೋದ ಮ್ಯಾಲೆ ಎಲ್ಲಾ ಚಿಂತಿ ಒಂದ ದಿನಕ್ಕ ಕಾಕುನ ಮ್ಯಾಲೆ ಬಿತ್ತು.

ಆ ದಿನಗಳೊಳಗ ನಾ ಅಲ್ಲೇ ಮಲಗ್ತಿದ್ದೆ. ಕಾಕು ರಾತ್ರಿ ಎದ್ದು ಕೂಡ್ರತಿದ್ಲು. ಅಳ್ತಿದ್ದಿಲ್ಲ. "ಎಷ್ಟ ಸಾಲಾ ಮಾಡ್ಯಾರೋ ಏನೋ, ಮನಿ ಉಳೀತದೋ ಇಲ್ಲೋ" ಅಂತ ಒಂದ ಮಾತು ಹತ್ತ ಸಲಾ ಅಂತಿದ್ಲು. ಅಳ್ಳಿಕ್ಕೂ ಪುರಸತ್ತು ಕೊಡದಂಥಾ ಹೆದರಿಕಿ ಅದು. ಬಂದವ್ರೆಲ್ಲಾ "ಧೈರ್ಯ ತಗೋರಿ" ಅಂತ ಹೇಳಿ ಹೋಗ್ತಿದ್ರು. ಧೈರ್ಯ ಎಲ್ಲಿಂದ ತಗೋಬೇಕು ಅಂತ ಯಾರೂ ಹೇಳಲಿಲ್ಲ.

ಹದಿಮೂರ ದಿನಾ ಆದ ಮ್ಯಾಲೆ ಅಂಗಡಿಗೆ ದಿನಾ ಬರ್ತಿದ್ದ ಪಿಗ್ಮಿ ಅಣ್ಣಾರು ಮನಿಗೆ ಬಂದ್ರು. ರೊಕ್ಕಾ ಕೇಳ್ಲಿಕ್ಕೆ ಬಂದಾರ ಅಂತ ನಾ ತಿಳಕೊಂಡೆ. ಅವ್ರು ಚಾಪಿ ಮ್ಯಾಲೆ ಕೂತು, ನೀರು ಕುಡದು, ಒಂದ ಹಳೇ ಡೈರಿ ತಗದ್ರು. "ವೈನಿ, ನಿಮ್ಮ ಪಿಗ್ಮಿ ಖಾತೆದಾಗ ಇಷ್ಟ ಅದ. ಆರ ವರ್ಷದ ಹಿಂದ ಖಾತೆ ಹೊಸಾದು ಮಾಡೂ ಮುಂದ ನಾನ ಹಟಾ ಹಿಡದು ನಿಮ್ಮ ಹೆಸರು ನಾಮಿನಿ ಹಾಕ್ಸೀನಿ. ಅದ ದಿನಾ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾದ್ದೂ ಫಾರ್ಮ್ ತುಂಬಿದ್ರು. ಪಾಸಬುಕ್ ತಗೀರಿ, ಮೇ ತಿಂಗಳ ನೋಡ್ರಿ" ಅಂದ್ರು. ನೋಡಿದ್ರ ಪ್ರತಿ ಮೇ ತಿಂಗಳ ಒಂದ ಸಣ್ಣ ರಕಮು ಕಡದದ, ಕಡೀ ಎರಡ ವರ್ಷ 436 ರೂಪಾಯಿ. ಆ ಬಿಮಾ ಜೂನ್ ಒಂದರಿಂದ ಮೇ 31ರ ತನಕ ಒಂದ ವರ್ಷದ್ದು. ಐವತ್ತ ವರ್ಷದೊಳಗ ಸೇರಿದವ್ರು ಕಂತು ಕಟಿಗೋತ ಹೋದ್ರ 55 ತನಕ ನಡೀತದ, ಏನರ ಆದ್ರ ಮನಿಯವ್ರಿಗೆ ಎರಡ ಲಕ್ಷ. ನಮ್ಮೊಳಗ ಯಾರಿಗೂ ಆ ಸಾಲು ಕಂಡಿದ್ದಿಲ್ಲ. ಕಂಡಿದ್ರೂ ತಿಳೀತಿದ್ದಿಲ್ಲ.

ಆಮೇಲೆ ಅಣ್ಣಾರು ಇನ್ನೊಂದ ಮಾತು ಹೇಳಿದ್ರು, "ಹೋಲ್‌ಸೇಲ್ ಅಂಗಡಿಯವ್ರಿಗೆ ಕೊಡೂದು ಎಷ್ಟರ ಇರಬೇಕು ಅಂತ ಅವ್ರು ನನ್ನ ಮುಂದ ಮಾತಾಡ್ತಿದ್ರು, ಅಂಗಡಿ ವಹಿ ನೋಡ್ರಿ" ಅಂತ. ವಹಿ ತಗದು ಕೂಡಿಸಿದ್ರ ಒಂದ ಲಕ್ಷ ನಾಲ್ವತ್ತ ಸಾವಿರ. ಕಾಕು ಆ ಅಂಕಿ ಎರಡ ಸಲಾ ಕೇಳಿದ್ಲು. "ಇಷ್ಟನ?" ಅಂದ್ಲು. ಅವತ್ತ ರಾತ್ರಿ ಮದಲನೇ ಸಲಾ ಗಂಡನ ಸಲುವಾಗಿ ಅತ್ತಳು, ಅತ್ತು ಮಲಗಿದ್ಲು. ಗೊತ್ತಿಲ್ಲದ ಸಾಲ ಯಾವಾಗಲೂ ದೊಡ್ಡದು ನೋಡ್ರಿ. ಗೊತ್ತಾದ ಮ್ಯಾಲೆ ಅದಕ್ಕ ಒಂದ ಅಳತಿ ಬರ್ತದ.

ಕಾಕಾಂದು ಇನ್ನೊಂದ ಬ್ಯಾಂಕಿನ್ಯಾಗೂ ಖಾತೆ ಇತ್ತು. ಅಲ್ಲಿ ನಾಮಿನಿ ಹಾಕಿದ್ದಿಲ್ಲ. ಕೇಳವ್ರೂ ಯಾರೂ ಇದ್ದಿದ್ದಿಲ್ಲ. ಆ ರೊಕ್ಕಾ ಬಿಡಿಸ್ಲಿಕ್ಕೆ ವಂಶಾವಳಿ, ಅಫಿಡವಿಟ್ಟು, ಜಾಮೀನು ಅಂತ ಏಳ ತಿಂಗಳ ತಿರುಗ್ಯಾಡಿದ್ಲು ಕಾಕು. ಒಬ್ಬಾಂವದ ಗಂಡ, ಒಂದ ಊರು, ಎರಡ ಬ್ಯಾಂಕು. ಒಂದ ಕಡೆ ಮನಷ್ಯಾ ಇದ್ದ, ಇನ್ನೊಂದ ಕಡೆ ಬರೇ ಕೌಂಟರ್ ಇತ್ತು. ಫರಕು ಅಷ್ಟ.

ಈ ಪಿಗ್ಮಿ ಎಲ್ಲಿಂದ ಬಂತು ಅಂತ ನಿಮಗ ಗೊತ್ತದೇನು? ನಮ್ಮ ಕರ್ನಾಟಕದ್ದ ಅದು. ಉಡುಪ್ಯಾಗ 1925ರಾಗ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಕೂಡಿ ಒಂದ ಬ್ಯಾಂಕ್ ಶುರು ಮಾಡಿದ್ರು. ಆವಾಗ ಕೈಮಗ್ಗದ ನೇಕಾರರು ಭಾಳ ಕಷ್ಟದಾಗ ಇದ್ರು, ಅವರಿಗೆ ಆಸರಾ ಆಗ್ಲಿ ಅಂತ. ಮುಂದ ಅದ ಸಿಂಡಿಕೇಟ್ ಬ್ಯಾಂಕ್ ಅಂತ ಆತು, 2020ರ ಏಪ್ರಿಲ್ ಒಂದಕ್ಕ ಕೆನರಾ ಬ್ಯಾಂಕಿನ್ಯಾಗ ಕೂಡಿತು. ಅವ್ರು 1928ರಾಗ ಪಿಗ್ಮಿ ಶುರು ಮಾಡಿದ್ರು. ದಿನಕ್ಕ ಎರಡಾಣೆ ಇದ್ರೂ ಸಾಕು, ಬ್ಯಾಂಕಿನ ಮನಷ್ಯಾ ಮನಿ ಬಾಗಲಿಗೆ ಬಂದು ಇಸ್ಕೊಂಡ ಹೋಗ್ತಿದ್ದ. ಬಡವ್ರು ಬ್ಯಾಂಕಿನ ಮೆಟ್ಟಲಾ ಹತ್ತಲಿಕ್ಕೆ ಅಂಜತಾರ, ಅದಕ್ಕ ಬ್ಯಾಂಕನ ಅವರ ಮೆಟ್ಟಲಾ ಹತ್ತಲಿ ಅನ್ನೂ ವಿಚಾರ ಅದು.

ಬೆಂಗಳೂರು ಹುಡುಗಿ ಹೇಳಿದಂಗ ಬಡ್ಡಿ ಲೆಕ್ಕಾ ಮಾಡಿದ್ರ ಪೋಸ್ಟಿನ ಆರ್.ಡಿ. ಛಲೋ. ಮನಿಗೆ ಬಂದು ಹೋಗವ್ರಿಗೆ ಕಮಿಷನ್ ಕೊಡಬೇಕಲ್ಲ, ಅದು ನಮ್ಮ ಬಡ್ಡಿಯೊಳಗಿಂದನ ಹೋಗ್ತದ. ಆದ್ರ ನಾ ನಿಮಗ ಕೇಳ್ತೀನಿ: ಜಾಸ್ತಿ ಬಡ್ಡಿ ಬರ್ತದ ಅಂತ ತಿಳದು ಶುರು ಮಾಡಿ, ನಾಕನೇ ತಿಂಗಳಿಗೆ ಬಿಟ್ಟದ್ದು ನಿಮ್ಮನ್ಯಾಗ ಎಷ್ಟ ಅವ? ನಮ್ಮನ್ಯಾಗ ಮೂರ ಅವ. ಪಿಗ್ಮಿ ಮಾತ್ರ ಹನ್ನೊಂದ ವರ್ಷದಿಂದ ನಿಂತಿಲ್ಲ. ಯಾಕಂದ್ರ ಸಂಜಿಗೆ ಗೇಟಿನ ಮುಂದ ಒಬ್ರು ಬಂದು ನಿಂತಿರ್ತಾರ, "ಆರಾಮಿದ್ದೀರಿ ವೈನಿ?" ಅಂತ ಕೇಳ್ತಾರ. ಪೂರ್ತಿ ಪಾರಾಗದ ಛಲೋ ಯೋಜನಾಕ್ಕಿಂತ, ಪಾರಾಗೂ ಸಾದಾ ಯೋಜನಾನ ಛಲೋ.

ಇನ್ನ ನಮ್ಮ ಮನಿ ಮಾತಿಗೆ ಬರ್ತೀನಿ. ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ. ನಮ್ಮನಿಯವ್ರೂ "ಬರೀ" ಅಂದ್ರು, ಅದಕ್ಕ ಬರೀತೀನಿ.

2022ರಾಗ ಮಗನ ಎಸ್ಸೆಸ್ಸೆಲ್ಸಿ ಮುಗೀತು. ಮುಂದಿನ ಓದಿಗೆ ರೊಕ್ಕಾ ಹೆಂಗ ಅಂತ ಮನ್ಯಾಗ ದಿನಾ ಜಗಳ. ಜಗಳ ಅಂದ್ರ ರೊಕ್ಕದ ಹೆಸರಿನ್ಯಾಗ ಅಲ್ಲ. ಕಾಯಿಪಲ್ಯಾ ಯಾಕ ಇಷ್ಟ ತಂದಿ, ಲೈಟ್ ಯಾಕ ಬಂದ್ ಮಾಡಿಲ್ಲ, ಇಂಥಾವು. ನನಗ ವಾರಕ್ಕ ಎರಡ ಸಲಾ ತಲಿನೋವು. ಅವರಿಗೆ ಮಾತಮಾತಿಗೆ ಸಿಟ್ಟು. ಆವಾಗ ಅವರ ಫ್ಯಾಕ್ಟರ್‍ಯಾಗಿನ ಒಬ್ರು ಒಬ್ಬ ಸಲಹಾಗಾರ ಮೇಡಂ ಹೆಸರು ಹೇಳಿದ್ರು. ಅವ್ರು ಸೆಬಿಯೊಳಗ ನೋಂದಣಿ ಆದವ್ರು. ಇಂಥವ್ರು ನಾವು ಕೊಡೂ ಫೀ ಬಿಟ್ರ ಯಾವ ಕಂಪನಿ ಕಡಿಂದನೂ ನಮ್ಮ ಹೆಸರಿನ ಮ್ಯಾಲೆ ಕಮಿಷನ್ ತಗೊಳ್ಳೂಹಂಗಿಲ್ಲ. ಫೀ ಐದ ಸಾವಿರ ಅಂದ್ರು. "ಬರೇ ಮಾತಾಡ್ಲಿಕ್ಕೆ ಐದ ಸಾವಿರಾ?" ಅಂತ ನಮ್ಮನಿಯವ್ರು ಗೊಣಗಿದ್ರು. ನಾನೂ ಗೊಣಗಿದೆ. ಐದ ಸಾವಿರಕ್ಕ ಎರಡ ತಿಂಗಳ ಕಿರಾಣಿ ಸ್ವಲ್ಪರ ನಡೀತದ!

ಆ ಮೇಡಂ ಫೋನಿನ್ಯಾಗ ಮದಲ ಹೇಳಿದ್ದ ಮಾತು: "ಮನಿಯವ್ರನ್ನ ಕರ್ಕೊಂಡ ಬರ್ರಿ. ಒಬ್ರ ಬಂದ್ರ ನಾ ಕೂಡ್ರಂಗಿಲ್ಲ."

ಹೋದ್ವಿ. ತಿಂಗಳ ಖರ್ಚು ಹೇಳ್ರಿ ಅಂದ್ರು, ನಾ ಹೇಳ್ಕೋತ ಹೋದೆ. ಹಾಲಿಗೆ ಇಷ್ಟ, ಕಿರಾಣಿಗೆ ಇಷ್ಟ, ಸಿಲಿಂಡರಿಗೆ ಇಷ್ಟ. ಅವ್ರು ಬರಕೋತ ಹೋದ್ರು. ಕೂಡಿಸಿದ್ರ ನನ್ನ ಕೈಗೆ ಬರೂದಕ್ಕೂ ನಾ ಹೇಳಿದ್ದಕ್ಕೂ 1,500 ರೂಪಾಯಿ ಫರಕು. ನನ್ನ ಮಾರಿ ಕೆಂಪಾತು. ಅವ್ರು ನೋಡಿದ್ರು, ಆದ್ರ ಅದನ್ನ ಎತ್ತಲಿಲ್ಲ. "ಇರಲಿ, ಲೆಕ್ಕಕ್ಕ ಅವಸರಿಲ್ಲ" ಅಂದ್ರು. ಚಹಾ ಬಂತು. ಚಹಾ ಕುಡ್ಕೋತ ಕೇಳಿದ್ರು, "ನಿಮ್ಮ ತಾಯಿ ಎಲ್ಲಿರ್ತಾರ ಅಕ್ಕಾರ?"

ನಮ್ಮವ್ವ ಗದಗಿನ್ಯಾಗ ಒಬ್ಬಾಕಿನ ಇರ್ತಾಳ. ಅಪ್ಪ ಹೋದ ಮ್ಯಾಲೆ ಅಕಿ ಬಿ.ಪಿ. ಗುಳಿಗಿಗೆ, ಹಾಲಿಗೆ ಅಂತ ನಾ ತಿಂಗಳಿಗೆ 1,500 ಕಳಸ್ತಿದ್ದೆ. ನಾಕ ವರ್ಷದಿಂದ. ಮನಿ ಖರ್ಚಿನ್ಯಾಗ ಮುರದು, ಸಾಸಿವಿ ಡಬ್ಬ್ಯಾಗ ಕೂಡಿಸಿ, ಗದಗಿಗೆ ಹೋಗವ್ರ ಕೈಯಾಗ ಕೊಟ್ಟು. ಮನ್ಯಾಗ ಹೇಳಿದ್ದಿಲ್ಲ. ತವರಿಗೆ ರೊಕ್ಕಾ ಕಳಸ್ತೀನಿ ಅಂತ ಹೇಳ್ಲಿಕ್ಕೆ ಬಾಯಿ ಬಂದಿದ್ದಿಲ್ಲ. ಕಳ್ಳತನಾ ಮಾಡಿದಂಗ ಅನಸ್ತಿತ್ತು. ಯಾರರ ಗದಗ ಅಂದ್ರ ಎದಿ ಧಸಕ್ ಅಂತಿತ್ತು.

ಅವತ್ತ ಆ ಚಹಾದ ಮುಂದ ಹೇಳಿಬಿಟ್ಟೆ. ಹೇಳ್ಕೋತ ಕಣ್ಣಾಗ ನೀರು ಬಂತು. ನಮ್ಮನಿಯವ್ರು ಸ್ವಲ್ಪ ಹೊತ್ತು ಸುಮ್ಮನ ಇದ್ರು. ಆಮೇಲೆ, "ನನಗ ಹೇಳಬೇಕಿತ್ತಲ್ಲ. ನಾ ಬ್ಯಾಡ ಅಂತಿದ್ನೇನು?" ಅಂದ್ರು. ನನಗ ಸಿಟ್ಟೂ ಬಂತು. ಕೇಳಿದ್ರ ಹೇಳ್ತಿದ್ದೆ, ಇಷ್ಟ ವರ್ಷದಾಗ ಅವ್ವನ ಖರ್ಚು ಹೆಂಗ ನಡೀತದ ಅಂತ ಒಮ್ಮೆರ ಕೇಳೀರೇನು ಅಂದೆ. ಆ ಮಾತು ಮನ್ಯಾಗ ಆಗಿದ್ರ ದೊಡ್ಡ ಜಗಳಾನ ಆಗ್ತಿತ್ತು. ಎದುರಿಗೆ ಮೂರನೇದವ್ರು ಇದ್ರಲ್ಲ, ಇಬ್ರೂ ತಡಕೊಂಡ್ವಿ.

ಮೇಡಂ ಪೆನ್ನ ತಗೊಂಡು, ಮಗನ ಫೀ, ಮನಿ ಸಾಲದ ಕಂತು ಬರದದ್ರ ತೆಳಗ, "ತಾಯಿ, ತಿಂಗಳಿಗೆ 1,500" ಅಂತ ಒಂದ ಸಾಲು ಬರದ್ರು. ನಮ್ಮನಿಯವ್ರು ಅದನ್ನ ನೋಡಿ, "ಎರಡೂವರಿ ಸಾವಿರ ಮಾಡ್ರಿ, ಔಷಧದ್ದು ಜಾಸ್ತಿ ಆಗಿರ್ತದ" ಅಂದ್ರು.

ಐದ ಸಾವಿರ ಫೀ ಅಲ್ಲೇ ತೀರಿತು ನನ್ನ ಪಾಲಿಗೆ. ಆಮೇಲಿನ ಕೆಲಸ ಎಲ್ಲಾ ಬಡ್ಡಿ ಇದ್ದಂಗ. ಆರ ತಿಂಗಳ ಮನಿ ಖರ್ಚು ಬ್ಯಾರೇ ಖಾತೆದಾಗ ಕೂಡಿಸ್ಲಿಕ್ಕೆ ಹಚ್ಚಿದ್ರು. ನಮ್ಮನಿಯವ್ರ ಹೆಸರಿಲೆ ಟರ್ಮ್ ವಿಮಾ ಮಾಡ್ಸಿದ್ರು, ಮಗನ ಓದಿಗೆ ಎಷ್ಟ ನಮ್ಮ ಕೈಯಿಂದ, ಎಷ್ಟ ಶಿಕ್ಷಣ ಸಾಲ ಅಂತ ಕಾಗದದ ಮ್ಯಾಲೆ ಹಾಕಿ ಕೊಟ್ರು. ನಮ್ಮ ಆದಾಯ ಒಂದ ರೂಪಾಯಿನೂ ಜಾಸ್ತಿ ಆಗಲಿಲ್ಲ. ಆದ್ರ ತಲಿನೋವು ಕಡಿಮಿ ಆತು, ಕಾಯಿಪಲ್ಯಾದ ಜಗಳ ನಿಂತಿತು. ಸಾಸಿವಿ ಡಬ್ಬ್ಯಾಗ ಈಗ ಸಾಸಿವಿ ಅಷ್ಟ ಅವ.

ಆ್ಯಪು ನನ್ನ ಲೆಕ್ಕಾ ನೋಡಿದ್ರ "1,500 ರೂಪಾಯಿ ಇತರೆ ಖರ್ಚು" ಅಂತ ಬರೀತಿತ್ತು. ಅದರ ತಪ್ಪಲ್ಲ, ಅದಕ್ಕ ಮಾರಿ ಕೆಂಪಾಗಿದ್ದು ಕಾಣಸಂಗಿಲ್ಲ.

ಇನ್ನೊಂದ ಉದಾಹರಣೆ ನಮ್ಮ ಮೈದುನಂದು. ಅವಾ ಮ್ಯೂಚುವಲ್ ಫಂಡಿನ್ಯಾಗ ತಿಂಗಳಾ ಸ್ವಲ್ಪ ಹಾಕ್ತಾನ, ಮಗಳ ಕಾಲೇಜಿನ ಸಲುವಾಗಿ. 2020ರ ಜನವರ್‍ಯಾಗ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸು ಕೊರೋನಾ ಬಂದ ಮ್ಯಾಲೆ ಮಾರ್ಚ್ 23ಕ್ಕ 26 ಸಾವಿರದ ತೆಳಗ ಬಂತು. ಮೈದುನ ಮೊಬೈಲ್ ಹಿಡಕೊಂಡು ಬೆವರ್ತಿದ್ದ. ಎಲ್ಲಾ ಮಾರಿಬಿಡ್ತೀನಿ ಅಂತ. ಮೊಬೈಲಿನ್ಯಾಗ ಮಾರ್ಲಿಕ್ಕೆ ಎರಡ ಸಲಾ ಒತ್ತಿದ್ರ ಸಾಕು. ಆವಾಗ ಅವನ ಫಂಡ್ ನೋಡವ್ರು ತಾವಾಗೆ ಫೋನ್ ಮಾಡಿದ್ರು. ಮಾರ್ಕೆಟಿನ ಸುದ್ದಿ ತಗೀಲಿಲ್ಲ. "ಎಲ್ಲಾರೂ ಆರಾಮಿದ್ದೀರಿ? ಮನ್ಯಾಗ ದಿನಸಿ ಅದ? ಈ ಆರ ತಿಂಗಳ ಖರ್ಚಿಗೆ ಈ ರೊಕ್ಕಾ ಬೇಕೇನು?" ಬ್ಯಾಡ ಅಂದ. "ಮಗಳು ಕಾಲೇಜಿಗೆ ಹೋಗ್ಲಿಕ್ಕೆ ಇನ್ನ ಎಂಟ ವರ್ಷ ಅದ. ಇವತ್ತ ಮುಟ್ಟಬ್ಯಾಡ್ರಿ, ನಾಳೆ ಮತ್ತ ಮಾತಾಡೂಣು" ಅಂದ್ರು. ಅವಾ ಮಾರಲಿಲ್ಲ. ಅದ ವರ್ಷ ನವೆಂಬರ್‌ದಾಗ ಸೆನ್ಸೆಕ್ಸು ಜನವರಿ ಮಟ್ಟಾ ದಾಟಿತು. ಪ್ರತಿ ಸಲಾ ಇಷ್ಟ ಲಗೂನ ಏರ್ತದ ಅಂತ ನಾ ಹೇಳಂಗಿಲ್ಲ, ಏರದನೂ ಇರಬಹುದು. ನಾ ಹೇಳೂದು ಆ ಫೋನಿನ ಬಗ್ಗೆ. ಅವತ್ತ ಆ ಮನ್ಯಾಗ ಎಲ್ಲಾರೂ ನಿದ್ದಿ ಮಾಡಿದ್ದು ಸೆನ್ಸೆಕ್ಸ್‌ನಿಂದ ಅಲ್ಲ, ಆ ಫೋನಿನಿಂದ.

ಇಷ್ಟ ಓದಿ, "ಹಂಗಾರ ಮನಿಗೆ ಬಂದು ಪ್ರೀತಿಲೆ ಮಾತಾಡವ್ರ ಕೈಯಾಗ ರೊಕ್ಕಾ ಕೊಡೂಣು" ಅಂತ ಯಾರೂ ತಿಳಕೋಬ್ಯಾಡ್ರಿ. ಪ್ರೀತಿ ಮಾತಿನಿಂದ ಮೋಸ ಹೋದವ್ರೂ ನಾವ ಇದ್ದೀವಿ. ಹತ್ತ ವರ್ಷದ ಹಿಂದ ಬೀಗರ ಕಡೆಯವ್ರೊಬ್ರು ಧಾರವಾಡ ಪೇಢೆ ಡಬ್ಬಿ ಹಿಡಕೊಂಡ ಬಂದ್ರು. "ನಮ್ಮವ್ರ ಅಂತ ಹೇಳ್ಲಿಕತ್ತೀನಿ" ಅಂತ ಒಂದ ವಿಮಾ ಪಾಲಿಸಿ ಮಾಡ್ಸಿದ್ರು. ವರ್ಷಕ್ಕ 48 ಸಾವಿರ, ಹದಿನೈದ ವರ್ಷ. ನಮಗ ಆಗೂದಿಲ್ಲ ಅಂತ ಗೊತ್ತಿತ್ತು. ದಾಕ್ಷಿಣ್ಯಕ್ಕ ಬಸಿರಾದಂಗ ಸಹಿ ಮಾಡಿದ್ವಿ. ಎರಡ ಕಂತು ಕಟ್ಟಿದ್ವಿ, ಮೂರನೇದು ಆಗಲಿಲ್ಲ. ಆ ಬೀಗರು ಮತ್ತ ಪೇಢೆ ತರಲೂ ಇಲ್ಲ, ಫೋನ್ ಎತ್ತಲೂ ಇಲ್ಲ. ಕಟ್ಟಿದ್ದು ಹೋತು. ರೊಕ್ಕಾ ಹೋದದ್ದಕ್ಕಿಂತ, ಅವರನ್ನ ಮದುವಿ ಮುಂಜ್ಯಾಗ ಕಂಡಾಗ ನಾವ ಮಾರಿ ತಿರುಗಸೂಹಂಗ ಆತಲ್ಲ, ಅದು ಜಾಸ್ತಿ ನೋವಾತು.

ಹಂಗಾರ ಖರೆ ಕಾಳಜಿ ಯಾವುದು, ಪೇಢೆ ಕಾಳಜಿ ಯಾವುದು? ಇಷ್ಟ ವರ್ಷದಾಗ ನಾ ಕಲ್ತದ್ದು ಹೇಳ್ತೀನಿ.

ಖರೆ ಕಾಳಜಿಯವ್ರು ಮದಲ ಕೇಳ್ತಾರ, ಆಮೇಲೆ ಹೇಳ್ತಾರ. ಬಂದ ಕೂಡ್ಲೆ ಬ್ಯಾಗಿನಿಂದ ಫಾರ್ಮ್ ತಗ್ಯವ್ರನ್ನ ಚಹಾ ಕೊಟ್ಟು ಕಳಸ್ರಿ. "ಇದರಾಗ ನಿಮಗೇನ ಸಿಗ್ತದ?" ಅಂತ ಕೇಳ್ರಿ. ಕಮಿಷನ್ ತಗೊಳ್ಳೂದು ತಪ್ಪಲ್ಲ, ಅದು ಅವರ ಹೊಟ್ಟಿ ಪಾಡು. ಮುಚ್ಚಿಡೂದು ತಪ್ಪು. "ಇವತ್ತ ಕಡೀ ದಿನಾ" ಅಂತ ಅವಸರ ಮಾಡಿದ್ರ ಬ್ಯಾಡ ಅನ್ರಿ. "ವೈನಿಗೆ ಇದೆಲ್ಲಾ ತಿಳ್ಯಂಗಿಲ್ಲ ಬಿಡ್ರಿ" ಅಂತ ಅಂದವ್ರನ್ನ ಎರಡನೇ ಸಲಾ ಮನಿಗೆ ಕರೀಬ್ಯಾಡ್ರಿ. ನಿಮಗ ತಿಳೀದಿದ್ರ ತಿಳಿಸಿ ಹೇಳೂದು ಅವರ ಕೆಲಸ. ಮತ್ತ, ಕೊಟ್ಟ ರೊಕ್ಕಕ್ಕ ಕಾಗದ ಬೇಕು. ನಮ್ಮ ಪಿಗ್ಮಿ ಅಣ್ಣಾರು ಹನ್ನೊಂದ ವರ್ಷದಾಗ ಒಂದ ದಿನಾನೂ ಚೀಟಿ ಕೊಡದ ಹೋಗಿಲ್ಲ. ನಾನೂ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ತಾಳೆ ನೋಡ್ತೀನಿ. ಅವ್ರು ಸಿಟ್ಟಾಗಂಗಿಲ್ಲ, "ನೋಡ್ಲೇಬೇಕು ವೈನಿ" ಅಂತಾರ. ತಾಳೆ ನೋಡಿದ್ರ ಬ್ಯಾಸರಾ ಮಾಡ್ಕೊಳ್ಳೂ ವಿಶ್ವಾಸ ವಿಶ್ವಾಸನ ಅಲ್ಲ.

ಇನ್ನೊಂದೆರಡು ಗೊತ್ತಿರಬೇಕಾದ ಮಾತು. ದಾಕ್ಷಿಣ್ಯಕ್ಕ ವಿಮಾ ಪಾಲಿಸಿಗೆ ಸಹಿ ಮಾಡಿದ್ರೂ, ಪಾಲಿಸಿ ಕಾಗದ ಕೈಗೆ ಬಂದ 30 ದಿನದೊಳಗ ಬ್ಯಾಡ ಅಂತ ವಾಪಸ್ ಕೊಡ್ಲಿಕ್ಕೆ ಬರ್ತದ, ಸಣ್ಣ ಪುಟ್ಟ ಖರ್ಚು ಮುರಕೊಂಡು ರೊಕ್ಕಾ ಕೊಡ್ತಾರ. ಬ್ಯಾಂಕಿನ್ಯಾಗ ಇಟ್ಟ ರೊಕ್ಕಕ್ಕ, ಸಹಕಾರಿ ಬ್ಯಾಂಕ್ ಇದ್ರೂ, ಒಬ್ಬರಿಗೆ ಒಂದ ಬ್ಯಾಂಕಿನ್ಯಾಗ ಐದ ಲಕ್ಷದ ತನಕ ಠೇವಣಿ ವಿಮಾ ಇರ್ತದ. ಆದ್ರ ನಮ್ಮ ಕಡೆ ಓಣಿಗೊಂದು ಇರೂ ಪತ್ತಿನ ಸೊಸೈಟಿ, ಸೌಹಾರ್ದ ಇವಕ್ಕ ಆ ವಿಮಾ ಇಲ್ಲ. ಎಲ್ಲಾ ಸೊಸೈಟಿ ಕೆಟ್ಟವು ಅಂತಲ್ಲ, ಛಲೋ ನಡಿಸವ್ರೂ ಇದ್ದಾರ. ಅಧ್ಯಕ್ಷರು ನಮಗ ಪರಿಚಯ ಅಂತ ಇದ್ದದ್ದೆಲ್ಲಾ ಅಲ್ಲೇ ಇಡಬ್ಯಾಡ್ರಿ ಅಷ್ಟ. ಅಂಗಡಿ, ಧಂಧೆ ಇದ್ದ ಮನಿಯವ್ರು ಗಂಡನ ಹೆಸರಿಲೆ ಹೊಸಾ ವಿಮಾ ಮಾಡಸೂ ಮುಂದ, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಪ್ರಕಾರ ಹೆಂಡ್ತಿ ಮಕ್ಕಳ ಸಲುವಾಗಿ ಮಾಡ್ರಿ ಅಂತ ಕೇಳ್ರಿ. ಹಂಗ ಮಾಡಿದ್ರ ಆ ರೊಕ್ಕಕ್ಕ ಸಾಲಗಾರರು ಕೈ ಹಾಕ್ಲಿಕ್ಕೆ ಬರಂಗಿಲ್ಲ.

ನಾಮಿನಿ ವಿಷಯ ಅಂತೂ ಮರೀಲೇಬ್ಯಾಡ್ರಿ. 2025ರ ನವೆಂಬರ್ ಒಂದರಿಂದ ಬ್ಯಾಂಕ್ ಖಾತೆಗೆ ನಾಕ ಮಂದಿ ತನಕ ನಾಮಿನಿ ಹಾಕ್ಲಿಕ್ಕೆ ಬರ್ತದ, ಯಾರಿಗೆ ಎಷ್ಟ ಪಾಲು ಅಂತನೂ ಬರೀಬಹುದು. ಆದ್ರ ಬ್ಯಾಂಕಿನ ನಾಮಿನಿ ಅಂದ್ರ ರೊಕ್ಕಾ ಇಸ್ಕೊಳ್ಳವ್ರು, ಮಾಲಕರು ಅಂತ ಅರ್ಥ ಅಲ್ಲ. ವಾರಸದಾರರ ಹಕ್ಕು ಹಂಗ ಇರ್ತದ. ಅದಕ್ಕ ಆಸ್ತಿ ಇದ್ದವ್ರು ಮೃತ್ಯುಪತ್ರಾನೂ ಬರದಿಡಬೇಕು. ಹಿಂಗ ಅಂದ್ರ ನಮ್ಮಲ್ಲಿ, "ಏನ್ ಅಪಶಕುನದ ಮಾತು" ಅಂತಾರ. ಕಾಕುನ ಏಳ ತಿಂಗಳ ನೋಡಿದವ್ರು ಹಂಗ ಅನ್ನಂಗಿಲ್ಲ.

ಈಗ ಗೃಹಲಕ್ಷ್ಮಿಯ ಎರಡ ಸಾವಿರ 2023ರಿಂದ ಎಷ್ಟೋ ಮನಿ ಯಜಮಾನತಿಯರ ಖಾತೆಗೆ ಬರ್ಲಿಕತ್ತದ. ಭಾಳ ಮಂದಿಗೆ ಅದ ಮದಲನೇ ಸ್ವಂತ ಪಾಸಬುಕ್. ಅದನ್ನ ಬರೇ ರೊಕ್ಕಾ ತಗ್ಯೂ ಪುಸ್ತಕ ಮಾಡಬ್ಯಾಡ್ರಿ. ಒಮ್ಮೆ ಮದಲನೇ ಪಾನು ತಗದು ನೋಡ್ರಿ, ಹೆಸರು ಸರಿ ಅದನೋ, ನಾಮಿನಿ ಅದನೋ. ಅಲ್ಲಿಂದ ಶುರು ಮಾಡ್ರಿ.

ಇನ್ನ ಸಲಹಾಗಾರರು ಎಲ್ಲಾರ ಮನಿಗೂ ಸಿಗಂಗಿಲ್ಲ, ಫೀ ಕೊಡ್ಲಿಕ್ಕೂ ಎಲ್ಲಾರಿಗೂ ಆಗೂದಿಲ್ಲ, ಗೊತ್ತದ ನನಗ. ಆದ್ರ ಕೂತು ಕೇಳೂದಕ್ಕ ಫೀ ಇಲ್ಲಲ್ಲ. ತಿಂಗಳಿಗೊಂದ ಸಂಜಿ ಟಿ.ವಿ. ಬಂದ್ ಮಾಡಿ, ಗಂಡ ಹೆಂಡ್ತಿ ದೊಡ್ಡ ಮಕ್ಕಳು ಕೂಡ್ರಿ. ಅತ್ತಿಯವ್ರಿದ್ರ ಅವರನ್ನೂ ಕೂಡಿಸ್ಕೋರಿ. ಒಂದ ನೂರ ಪಾನಿನ ನೋಟಬುಕ್ ತಗೊಂಡು, ಖಾತೆ ಎಲ್ಲೆಲ್ಲಿ ಅವ, ವಿಮಾ ಯಾವುವು, ಯಾರಿಗೆ ಕೊಡೂದು, ಯಾರಿಂದ ಬರೂದು, ಕಾಗದ ಯಾವ ಕಪಾಟಿನ್ಯಾಗ ಅವ ಅಂತ ಬರೀರಿ. ಪಾಸ್‌ವರ್ಡು ಅದರಾಗ ಬರೀಬ್ಯಾಡ್ರಿ. ಕಡೀಕೆ ಒಬ್ಬರಿಗೊಬ್ರು ಒಂದ ಪ್ರಶ್ನೆ ಕೇಳ್ರಿ: "ಯಾವ ಖರ್ಚು ನೆನಸಿದ್ರ ನಿಮಗ ಹೆದರಿಕಿ ಆಗ್ತದ?" ಬಂದ ಉತ್ತರಕ್ಕ ಲಗೂನ ಪರಿಹಾರ ಹೇಳ್ಲಿಕ್ಕೆ ಹೋಗಬ್ಯಾಡ್ರಿ. ಮದಲ ಪೂರ್ತಿ ಕೇಳ್ರಿ. ಎಷ್ಟೋ ಮನ್ಯಾಗ ಒಂದೊಂದ ಸಾಸಿವಿ ಡಬ್ಬಿ ಇರ್ತದ, ಅದರಾಗ ರೊಕ್ಕಕ್ಕಿಂತ ಜಾಸ್ತಿ ಹೇಳಲಾರದ ಮಾತು ಇರ್ತಾವ.

ಆ ಬೆಂಗಳೂರು ಹುಡುಗಿಗೆ ನಾ ಹೇಳೂದು ಇಷ್ಟ: ಆ್ಯಪು ಇಟ್ಕೋವಾ, ಛಲೋನ ಅದು, ನಾನೂ ಕರೆಂಟ್ ಬಿಲ್ಲು ಅದರಾಗ ಕಟ್ತೀನಿ. ಆದ್ರ ನಿನ್ನ ಲೆಕ್ಕಾ ನಿನ್ನ ಜೀವನದ ಜೋಡಿ ಕೂಡಿಸಿ ನೋಡವ್ರನ್ನ ಒಬ್ಬರನ್ನರ ಇಟ್ಕೋ. ಮತ್ತ ಮದುವಿ ಆದ ಮ್ಯಾಲೆ ಗಂಡ "ನಾ ಇದ್ದೀನಲ್ಲ" ಅಂದ್ರ, "ಹೌದು ನೀವಿದ್ದೀರಿ, ನಾನೂ ಇದ್ದೀನಿ, ಪಾಸಬುಕ್ ತೋರಸ್ರಿ" ಅನ್ನು.

ಕಾಕು ಈಗ ತಾನ ಅಂಗಡಿ ನಡಸ್ತಾಳ. ಹೋಲ್‌ಸೇಲಿನವ್ರ ಸಾಲ ಎರಡ ವರ್ಷದಾಗ ತೀರಸಿದ್ಲು. ಪಿಗ್ಮಿ ಅಣ್ಣಾರು ಈಗೂ ಸಂಜಿಗೆ ಬರ್ತಾರ, ಅವರ ಸಲುವಾಗಿ ಒಂದ ಕಪ್ ಚಹಾ ತಗದಿಟ್ಟಿರ್ತಾಳ. ವಹಿ ಕೊಳ್ಳಿಕ್ಕೆ ಬಂದ ಹೆಣ್ಣಮಕ್ಕಳನ್ನ ಹಂಗ ಕಳಸಂಗಿಲ್ಲ. ಚಿಲ್ಲರೆ ಕೊಡ್ಕೋತ, "ಅಲ್ಲವಾ, ನಿಮ್ಮನಿಯವ್ರ ಖಾತೆಗೆ ನಾಮಿನಿ ಯಾರದರ?" ಅಂತ ಕೇಳ್ತಾಳ. ಕೆಲವ್ರಿಗೆ ಸಿಟ್ಟು ಬರ್ತದ. ಭಾಳ ಮಂದಿ ಮನಿಗೆ ಹೋಗಿ ಪಾಸಬುಕ್ ಹುಡಕ್ತಾರ.

ಮುಂದಿನ ಭಿಶಿ ಕೊಣೇ ಮನಿ ಅಕ್ಕಾರಲ್ಲಿ ಅದ. ಎಲ್ಲಾರೂ ಬರೂ ಮುಂದ ಎರಡ ಸಾವಿರದ ಜೋಡಿ ನಿಮ್ಮ ನಿಮ್ಮ ಪಾಸಬುಕ್ಕೂ ತಗೊಂಡ ಬರ್ರಿ. ರೊಕ್ಕಾ ಎಷ್ಟದ ಅಂತ ಯಾರೂ ಯಾರದೂ ನೋಡೂದು ಬ್ಯಾಡ. ಮದಲನೇ ಪಾನು ಅಷ್ಟ ನೋಡೂಣು. ಚೂಡಾ ನಾ ಮಾಡ್ಕೊಂಡ ಬರ್ತೀನಿ.